ಮೂತ್ರಕೋಶಕ್ಕೆ ಬಿಸಿಜಿ: ಬೇರೆ ಕೋಣೆ ಬೇಡ, ಬ್ಲೀಚ್ ಬೇಕು

'ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಹಾಕಿಸಿಕೊಂಡವರ ಉಸಿರಿನಿಂದ ಮನೆಮಂದಿಗೆ ಟಿಬಿ ಬರುತ್ತದೆ, ತಿಂಗಳು ಬೇರೆ ಕೋಣೆಯಲ್ಲಿಡಿ' ಎಂಬ ವಾಟ್ಸ್‌ಆ್ಯಪ್ ಸಂದೇಶ ಕಾರವಾರ, ಅಂಕೋಲಾ, ಕುಮಟಾ ಕಡೆ ಓಡಾಡುತ್ತಿದೆ. ಇದು ತಪ್ಪು. ಬಿಸಿಜಿ ಎಂದರೆ ಟಿಬಿ ಲಸಿಕೆಯದೇ ಔಷಧ; ಇಲ್ಲಿ ಅದನ್ನು ಕೊಳವೆಯ ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ. ಅದರಲ್ಲಿರುವುದು ಜೀವಂತ, ಆದರೆ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ. ಅದು ಹೊರಬರುವುದು ಮೂತ್ರದಲ್ಲಿ, ಉಸಿರಿನಲ್ಲಲ್ಲ. ಒಟ್ಟಿಗೆ ಊಟ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಎಲ್ಲವೂ ಸರಿ.

ಎಚ್ಚರ ಬೇಕಿರುವುದು ಔಷಧ ಹಾಕಿಸಿಕೊಂಡ ನಂತರದ ಮೊದಲ 6 ಗಂಟೆಯ ಮೂತ್ರದ ಬಗ್ಗೆ. ಗಂಡಸರೂ ಕುಳಿತೇ ಮಾಡಬೇಕು, ಸಿಡಿಯಬಾರದು. ಪ್ರತಿ ಸಲವೂ ಮೂತ್ರದಷ್ಟೇ ಪ್ರಮಾಣದ ಬ್ಲೀಚ್ ದ್ರಾವಣ ಸುರಿದು, 15-20 ನಿಮಿಷ ಬಿಟ್ಟು ನೀರು ಹಾಕಿ. ಬ್ಲೀಚ್ ಜೊತೆ ಆಸಿಡ್ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ. ತೆಂಗಿನ ಬುಡಕ್ಕೆ ಹೋಗುವ ಅಭ್ಯಾಸ ಅಂದು ಬೇಡ. ಮಣಿಪಾಲ, ಹುಬ್ಬಳ್ಳಿಯ ಆಸ್ಪತ್ರೆಗಳಿಂದ ಅದೇ ದಿನ ಮರಳುವವರಿಗೆ ದಾರಿಯಲ್ಲಿ ಇದೇ ಕಷ್ಟ. ಮೊದಲೆರಡು ಸಲವಾದರೂ ಅಲ್ಲೇ ಉಳಿಯುವುದು ಲೇಸು.

'ಔಷಧಕ್ಕೆ ಮೊದಲು ಚೆನ್ನಾಗಿ ನೀರು ಕುಡಿಯಿರಿ' ಎಂಬ ಮಾತೂ ತಲೆಕೆಳಗು. ಸಾಮಾನ್ಯವಾಗಿ 4 ಗಂಟೆ ಮುಂಚಿನಿಂದ ನೀರು ಕಡಿಮೆ. ಇಲ್ಲದಿದ್ದರೆ ಔಷಧ ತೆಳುವಾಗುತ್ತದೆ, ಅದನ್ನು ಮೂತ್ರಕೋಶದಲ್ಲಿ 2 ಗಂಟೆ ತಡೆದಿಡಲೂ ಆಗದು. ನೀರು ಹೆಚ್ಚು ಕುಡಿಯುವುದು ಆಮೇಲೆ.

ಉರಿ, ಪದೇ ಪದೇ ಮೂತ್ರ, ಸಣ್ಣ ಜ್ವರ ಒಂದೆರಡು ದಿನ ಸಹಜ. ಚಳಿನಡುಕ, 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಬಂದರೆ ವೈದ್ಯರಿಗೆ ಕೂಡಲೇ ಫೋನ್ ಮಾಡಿ. ಮೂತ್ರದಲ್ಲಿ ರಕ್ತ, ಸೋಂಕು ಇದ್ದರೆ, ಅಥವಾ ಕ್ಯಾತಿಟರ್ (ಔಷಧ ಬಿಡುವ ಕೊಳವೆ) ಹಾಕುವಾಗ ಗಾಯವಾದರೆ, ಆ ವಾರದ ಡೋಸ್ ಮುಂದೂಡುತ್ತಾರೆ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರೀತು. ಅಂಗಡಿಯಿಂದ ನೀವೇ ಸಿಪ್ರೊಫ್ಲಾಕ್ಸಾಸಿನ್ (ಒಂದು ಆ್ಯಂಟಿಬಯಾಟಿಕ್) ತಂದು ನುಂಗಬೇಡಿ, ಅದು ಬಿಸಿಜಿಯನ್ನೇ ಕುಗ್ಗಿಸಬಲ್ಲದು.