ಸೊಂಡಿಲು ಇಳಿಬಿಟ್ಟ ಲೆನ್ಸು

ಚಿತ್ರದುರ್ಗದ ಕೋಟೆ ಹತ್ತುವವರಲ್ಲಿ ಅಗಲ ನೋಟಕ್ಕೂ ದೂರದ ನೋಟಕ್ಕೂ ಒಂದೇ ಸಾಕೆನ್ನುವ ಆಲ್ ಇನ್ ಒನ್ ಜೂಮ್ ಲೆನ್ಸಿನವರನ್ನು ಗುರುತಿಸುವುದು ಸುಲಭ. ಬಾಗಿಲು ದಾಟುವಾಗ ಕುತ್ತಿಗೆಯಲ್ಲಿ ನೇತಾಡುವ ಲೆನ್ಸು ಅರ್ಧ ಗೇಣು ಇರುತ್ತದೆ. ಏಕನಾಥೇಶ್ವರಿ ಗುಡಿ ಮುಟ್ಟುವಷ್ಟರಲ್ಲಿ ಒಂದು ಗೇಣು. ಯಾರೂ ತಿರುಗಿಸಿರುವುದಿಲ್ಲ. ಮುಂದಿನ ಗಾಜುಗಳ ಭಾರಕ್ಕೂ ಮೆಟ್ಟಿಲಿನ ಕುಲುಕಿಗೂ ಅದು ತಾನಾಗಿ ಆನೆಯ ಸೊಂಡಿಲಿನಂತೆ ಇಳಿದು, ಮುಂದೆ ಹತ್ತುತ್ತಿರುವ ಅತ್ತೆಯ ಬೆನ್ನಿಗೆ ತಿವಿಯುತ್ತದೆ.

ಮಗ್ಗುಲಲ್ಲಿ ಪುಟ್ಟ ಲಾಕ್ ಇರುತ್ತದೆ, ನಿಜ. ಆದರೆ ಬಹಳಷ್ಟು ಲೆನ್ಸುಗಳಲ್ಲಿ ಅದು ಬೀಳುವುದು 18 ಮಿಲಿಮೀಟರಿನಲ್ಲಿ, ಅಂದರೆ ಪೂರ್ತಿ ಮುಚ್ಚಿಕೊಂಡಾಗ ಮಾತ್ರ. ಟ್ರೈಪಾಡ್ ಮೇಲೆ 100ಕ್ಕೆ ಇಟ್ಟು ದೀಪಸ್ತಂಭದ ತುದಿಗೆ ಗುರಿ ಹಿಡಿದಾಗ ಲೆನ್ಸು ಮೆಲ್ಲಗೆ ಒಳಕ್ಕೆ ಜಾರಿದರೆ ಲಾಕ್ ಏನೂ ಮಾಡಲಾರದು. ಇದಕ್ಕೆ ಮದ್ದು ಅಗಲವಾದ ರಬ್ಬರ್ ಬ್ಯಾಂಡ್. ಅರ್ಧ ಜೂಮ್ ರಿಂಗಿನ ಮೇಲೆ, ಅರ್ಧ ತಿರುಗದ ಕೊಳವೆಯ ಮೇಲೆ ಕೂರುವಂತೆ ಹಾಕಬೇಕು. ನಲವತ್ತು ಸಾವಿರದ ಲೆನ್ಸಿಗೆ ಎರಡು ರೂಪಾಯಿಯ ಉಡಿದಾರ. ನಾಚಿಕೆಪಡುವಂಥದ್ದೇನಿಲ್ಲ.

ಇಷ್ಟಾದರೂ ಜನ ಇದನ್ನೇ ಕೊಳ್ಳುವುದೇಕೆ? ದುರ್ಗದ ಗಾಳಿ ಕಂಡವರಿಗೆ ಅದು ಗೊತ್ತು. ಬೆಟ್ಟದ ಮೇಲೆ ನಿಂತು ಲೆನ್ಸು ಬಿಚ್ಚಿದರೆ ಸೆನ್ಸರಿಗೆ ಧೂಳಿನ ಅಭಿಷೇಕ. ಒಂದು ಕೈಯಲ್ಲಿ ಬಾಡಿ, ಇನ್ನೊಂದರಲ್ಲಿ ಹಳೆ ಲೆನ್ಸು, ಕಂಕುಳಲ್ಲಿ ಹೊಸದು, ಹಲ್ಲಿನಲ್ಲಿ ಮುಚ್ಚಳ, ಎದುರಿಗೆ ಕೋತಿ. ಅದೂ ಅಲ್ಲದೆ ಓಬವ್ವನ ಕಿಂಡಿಯ ಎದುರು 18 ಬೇಕು, ಎರಡು ನಿಮಿಷ ಬಿಟ್ಟು ಬಂಡೆಯ ನೆತ್ತಿಯ ಬುರುಜಿಗೆ 200 ಬೇಕು. 1.5 ಕ್ರಾಪ್ ಇರುವ, ಅಂದರೆ ಸೆನ್ಸರ್ ಚಿಕ್ಕದಾದ ಕ್ಯಾಮೆರಾದಲ್ಲಿ 18ಕ್ಕೆ ಸುಮಾರು 76 ಡಿಗ್ರಿ ಅಗಲ ಸಿಕ್ಕರೆ 300ಕ್ಕೆ ಬರೀ 5 ಡಿಗ್ರಿ. ಇಷ್ಟು ದೂರದ ಎರಡು ತುದಿಯನ್ನು ಒಂದೇ ಕೊಳವೆಯಲ್ಲಿ ತುಂಬಿದ್ದಾರೆ. ಕೈ ನಡುಕ ತಡೆಯುವ ನಿಕಾನ್‌ನ 18-200 ವಿಆರ್ 2005ರಲ್ಲಿ ಬಂತು. ಟ್ಯಾಮ್ರಾನ್ 2017ರಲ್ಲಿ 18-400ಕ್ಕೆ ಎಳೆಯಿತು. ಅದು ಮುಕ್ಕಾಲು ಕೆಜಿಗೆ ಹತ್ತಿರ.

ತುಂಬಿದ್ದಕ್ಕೆ ದಂಡ ಎರಡು. ಮೊದಲನೆಯದು ಸೊಟ್ಟ. 18ರಲ್ಲಿ ಉಯ್ಯಾಲೆ ಕಂಬಗಳು ಊಟ ಮುಗಿಸಿ ಎದ್ದವರಂತೆ ಹೊಟ್ಟೆ ಬಿಡುತ್ತವೆ, 50ರ ಆಚೆಗೆ ಅವೇ ಒಳಕ್ಕೆ ಸೊರಗುತ್ತವೆ. ಸೊಟ್ಟ ತಿದ್ದುವ ಲೆನ್ಸಿನ ಪ್ರೊಫೈಲನ್ನು ಸಾಫ್ಟ್‌ವೇರಿನಲ್ಲಿ ಹಾಕಿದರೆ ಸರಿಹೋಗುತ್ತದೆ. ಬೇರೆ ಕಂಪನಿಯ ಲೆನ್ಸಾದರೆ ಕ್ಯಾಮೆರಾ ತಾನಾಗಿ ತಿದ್ದುವುದನ್ನು ನಂಬಬೇಡಿ. ರಾ ಫೈಲ್, ಅಂದರೆ ಸೆನ್ಸರಿನ ಹಸಿ ಫೈಲ್ ತೆಗೆದು ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳಿ.

ಎರಡನೆಯದು ಬೆಳಕು, ಮತ್ತು ಅಸಲು ಮಾನ ಹೋಗುವುದು ಇಲ್ಲೇ. ಉದ್ದ ಚಾಚಿದಾಗ ಇಂಥ ಹಲವು ಲೆನ್ಸುಗಳ ಬೆಳಕಿನ ಕಿಂಡಿ ಎಫ್ 6.3ಕ್ಕೆ ಕಿರಿದಾಗುತ್ತದೆ. ಎಫ್ 2.8ರ ಲೆನ್ಸಿಗೆ ಹೋಲಿಸಿದರೆ ಒಳಬರುವ ಬೆಳಕು ಐದರಲ್ಲೊಂದು ಪಾಲು. ಬಿಸಿಲಿಗೆ ಬಿದ್ದ ಬಂಡೆಗೆ ಇದು ಲೆಕ್ಕಕ್ಕಿಲ್ಲ. ದಾವಣಗೆರೆಯ ಕಲ್ಯಾಣ ಮಂಟಪಕ್ಕೆ ಬನ್ನಿ. "ಹಿಂದಿನ ಸಾಲಿನಾಗ ಕುಂತೇ ತೆಗೀಬೋದಲ್ಲಪಾ, ಅಷ್ಟುದ್ದ ಐತಲ್ಲ" ಎಂದು ಮಾವನವರು ಅಳಿಯನನ್ನು ಹುರಿದುಂಬಿಸುತ್ತಾರೆ. 300 ಮಿಲಿಮೀಟರನ್ನು ಕೈಯಲ್ಲಿ ಹಿಡಿದು ತೆಗೆಯಲು, ಕ್ರಾಪ್ ಸೇರಿ, ಹಳೆಯ ಲೆಕ್ಕದಲ್ಲಿ 1/500 ಸೆಕೆಂಡಿನ ಶಟರ್ ಬೇಕು. ಮಂಟಪದ ಸಾಧಾರಣ ದೀಪಕ್ಕೆ ಸೆನ್ಸರಿನ ಸೂಕ್ಷ್ಮತೆಯನ್ನು ಐಎಸ್‌ಒ 3200ಕ್ಕೆ ಏರಿಸಿ ಇಟ್ಟರೂ 1/50 ಸಿಕ್ಕರೆ ಪುಣ್ಯ. ಕೈ ನಡುಕವನ್ನು ಲೆನ್ಸಿನ ಸ್ಟೆಬಿಲೈಜೇಶನ್ ತಡೆಯುತ್ತದೆ, ಮದುಮಗನ ನಡುಕವನ್ನಲ್ಲ. ಪುರೋಹಿತರು ಚೂಪಾಗಿ ಬರುತ್ತಾರೆ, ಯಾಕೆಂದರೆ ಕೂತಿರುತ್ತಾರೆ. ಅಕ್ಷತೆ ಕಾಳುಗಳು ಮಳೆಹನಿಯ ಗೆರೆಗಳಾಗುತ್ತವೆ.

ಆಗ ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶ್ ಏಳುತ್ತದೆ. ಅಳಿಯ ಮುಂದೆ ಹೋಗಿ 18ರಲ್ಲಿ ಎರಡೂ ಕಡೆಯ ಬೀಗರನ್ನು ನಿಲ್ಲಿಸಿ ತೆಗೆಯುತ್ತಾನೆ. ಫೋಟೊದ ಕೆಳಗೆ ನಡುಮಧ್ಯದಲ್ಲಿ ಕರಿ ಅರ್ಧಚಂದ್ರ, ಹಿರಿಯರ ಪಂಚೆಯೆಲ್ಲ ಅದರೊಳಗೆ ಮಾಯ. ಅದು ಗ್ರಹಣವಲ್ಲ, ದಪ್ಪ ಲೆನ್ಸಿನ ನೆರಳು. ಮೊದಲು ಲೆನ್ಸಿನ ಮೂತಿಯ ಹುಡ್ ಕಳಚಬೇಕು, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು 35ರ ಆಸುಪಾಸಿಗೆ ಜೂಮ್ ಮಾಡಬೇಕು. ಅಲ್ಲೂ ನೆರಳಿದ್ದರೆ ಇನ್ನೂ ಸ್ವಲ್ಪ. ಮದುವೆ, ನಾಮಕರಣ ಹೆಚ್ಚಿರುವ ಮನೆಯವರು 300ರ ಆಸೆ ಬಿಟ್ಟು 18-140 ಅಥವಾ 18-135 ಕೊಂಡು, ಉಳಿದ ದುಡ್ಡಿಗೆ 35ರ ಎಫ್ 1.8 ಇಟ್ಟುಕೊಳ್ಳುವುದೇ ಸರಿ. ಅದು 200 ಗ್ರಾಂ ಆಸುಪಾಸು, ಬೆಳಕು 6.3ಕ್ಕಿಂತ ಹನ್ನೆರಡು ಪಟ್ಟು. ಬರೀ ಕೋಟೆ, ಕೆರೆ, ಜಾತ್ರೆ ಅನ್ನುವವರಿಗೆ 18-300 ಸಾಕಷ್ಟಾಯಿತು.

ನಡುಹಗಲಿನಲ್ಲಿ ಕೋಟೆಯ ಮೇಲಿಂದ ಆಚೆ ಗುಡ್ಡದ ಗಾಳಿಯಂತ್ರಗಳನ್ನು 300ರಲ್ಲಿ ತೆಗೆದು, ನೀರಿನಲ್ಲಿ ಅದ್ದಿದಂತೆ ಬಂತೆಂದು ಲೆನ್ಸನ್ನು ಬೈಯಬೇಡಿ. ಕಾದ ಬಂಡೆಯಿಂದ ಏಳುವ ಬಿಸಿಗಾಳಿಯ ಕುಣಿತ ಅದು. ಲಕ್ಷ ರೂಪಾಯಿಯ ಲೆನ್ಸಿಗೂ ಹಾಗೇ ಕಾಣುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ.

ಧೂಳಿನ ಮಾತು ಪೂರ್ತಿ ಮುಗಿಯಲಿಲ್ಲ. ಲೆನ್ಸು ಬಿಚ್ಚದಿದ್ದರೂ, ಚಾಚಿ ಮುಚ್ಚುವಾಗಲೆಲ್ಲ ಅದು ತಿದಿಯಂತೆ ಗಾಳಿ ಎಳೆದುಕೊಳ್ಳುತ್ತದೆ. ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಖಾಲಿ ಆಕಾಶ ತೆಗೆದರೆ ಸೆನ್ಸರಿನ ಮೇಲೆ ಕೂತ ಕಣಗಳು ಬೂದುಚುಕ್ಕಿಗಳಾಗಿ ಕಾಣುತ್ತವೆ. ರಬ್ಬರ್ ಬ್ಲೋವರ್ ಒತ್ತಿ ಊದಿ, ಬಾಯಲ್ಲಿ ಬೇಡ. ಎಲೆ ಅಡಿಕೆ ಹಾಕಿದವರಂತೂ ಹತ್ತಿರವೂ ಸುಳಿಯಬಾರದು.

ಕೊಳ್ಳುವ ದಿನ ಬಾಡಿಯನ್ನು ಅಂಗಡಿಗೆ ಒಯ್ಯಿರಿ. ಲೆನ್ಸನ್ನು 70ಕ್ಕೆ ಚಾಚಿ, ಮೂತಿ ಕೆಳಗೆ ಮಾಡಿ ನಾಲ್ಕು ಸಲ ಕುಲುಕಿದರೆ ಸೊಂಡಿಲಿನ ಜಾತಕ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿ. ಆಮೇಲೆ ಕ್ಯಾಮೆರಾವನ್ನು ಕೌಂಟರ್ ಮೇಲೆ ಅಲುಗದಂತೆ ಇಟ್ಟು, ರಸ್ತೆಯಾಚೆಯ ಸಪಾಟು ಬೋರ್ಡನ್ನು ನೇರಕ್ಕೆ ಇಟ್ಟುಕೊಂಡು, 18, 70, 300ರಲ್ಲಿ ಕಿಂಡಿ ಪೂರ್ತಿ ತೆರೆದು ಒಂದೊಂದು, ಎಫ್ 8ರಲ್ಲಿ ಒಂದೊಂದು ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಸಮ ಮೆತ್ತಗಿದ್ದರೆ ಅದು ಲೆನ್ಸಿನ ಹುಟ್ಟುಗುಣ. ಎಡಗಡೆಯ ಅಕ್ಷರ ಚೂಪಾಗಿದ್ದು ಬಲಗಡೆಯದು ಎಫ್ 8ರಲ್ಲೂ ಕರಗಿದ್ದರೆ ಒಳಗಿನ ಗಾಜು ವಾರೆ ಕೂತಿದೆ, ಬೇರೆ ಪೀಸ್ ಕೇಳಿ. "ಚೆನ್ನಾಗೇ ಬಂದೈತಲ್ಲ ಸಾರ್" ಎಂದು ಅಂಗಡಿಯವರು ಕ್ಯಾಮೆರಾದ ಹಿಂಬದಿ ತೋರಿಸುತ್ತಾರೆ. ಆ ಮೂರಿಂಚಿನ ಪರದೆಯಲ್ಲಿ ಮಾವನವರ ಪಂಚೆ ಕೂಡ ಬೆಳ್ಳಗೇ ಕಂಡಿತ್ತು. ಪ್ಲಸ್ ಗುಂಡಿ ಒತ್ತಿ, ಬಲಮೂಲೆಗೆ ಹೋಗಿ ನೋಡಿ.