ಉಕ್ತಲೇಖನ ಇರಲಿ, ಅಂಕ ಯಾಕೆ?

'ವಾರಕ್ಕೊಂದು ಉಕ್ತಲೇಖನ ಕೊಟ್ಟು ಹತ್ತಕ್ಕೆ ಅಂಕ ಹಾಕಿದರೆ ಮಕ್ಕಳ ಕಾಗುಣಿತ ತಾನಾಗಿ ಸರಿಹೋಗುತ್ತದೆ' ಅಂತ ಬರೆದಿದ್ದೀರಿ. ಉಕ್ತಲೇಖನ ಬೇಕು, ನನ್ನ ತಕರಾರು ಅಂಕದ ಬಗ್ಗೆ.

ನಮ್ಮ ವಿರಾಜಪೇಟೆ ಕಡೆ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ತೋಟದ ಕೂಲಿಕಾರರ ಲೈನ್‌ಮನೆಗಳಿಂದ ಬರುವ ಯರವ ಬುಡಕಟ್ಟಿನ ಮಕ್ಕಳೂ ಇರುತ್ತಾರೆ. 'ಧನ'ವನ್ನು 'ದನ' ಎಂದು ಬರೆದ ಮಗು ತನಗೆ ಕೇಳಿಸಿದ್ದನ್ನೇ ಬರೆದಿದೆ. ಮನೆಯಲ್ಲಿ ಯಾರ ಬಾಯಲ್ಲೂ ಮಹಾಪ್ರಾಣ ಇಲ್ಲ. (ಎಷ್ಟೋ ಸಲ ಮೇಷ್ಟ್ರ ಬಾಯಲ್ಲೂ ಇರೋದಿಲ್ಲ ಬಿಡಿ!) 'ಅಕ್ಕ'ನನ್ನು 'ಅಕ' ಮಾಡಿದ ಮಗುವಿನ ತೊಂದರೆಯೇ ಬೇರೆ, ಅದಕ್ಕೆ ಒತ್ತಕ್ಷರ ಇನ್ನೂ ಕೂತಿಲ್ಲ. ಇಬ್ಬರಿಗೂ ಹತ್ತಕ್ಕೆ ಆರು ಕೊಟ್ಟರೆ ಟೀಚರಿಗೆ ತಿಳಿದದ್ದೇನು? ಯಾವ ಬಗೆಯ ತಪ್ಪು ಅಂತ ಪಕ್ಕದಲ್ಲಿ ಗುರುತು ಹಾಕಿ, ಮಾರನೇ ದಿನ ಅದೇ ಬಗೆಯ ನಾಲ್ಕು ಪದ ಬರೆಸಲಿ. ತಪ್ಪಾದ ಪದವನ್ನು ಐವತ್ತು ಸಲ ಬರೆಸೋದು ಸುಮ್ನೆ ಕೈನೋವು.

ಇನ್ನೊಂದು ಮಾತು. ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ (ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ಒಬ್ಬೊಬ್ಬರು ಕಲಿಕೆಯ ಒಂದೊಂದು ಮೆಟ್ಟಿಲಲ್ಲಿ. ಎಲ್ಲರಿಗೂ ಒಂದೇ ಪಟ್ಟಿ ಓದಿ ಬರೆಸಿದರೆ ಅದು ಯಾರ ಪರೀಕ್ಷೆ?