22 ದಿನದ ಬಾಟ್ಲಿ

"ಸರ, ಇದು 22 ದಿನದ ಹಿಂದಿಂದು ಐತಿ. ಹಾಲಿನ ಪಾಕೀಟಾಗಿದ್ರ ವಾಪಸ್ ಕೊಡತಿದ್ವಿ. ತಾಜಾ ಇದ್ರ ಕೊಡ್ರಿ."

ಮೊನ್ನೆ ಮಧ್ಯಾಹ್ನ ಶಿಗ್ಗಾಂವಿ ಕಡೆಯ ಅಜ್ಜ ಒಬ್ಬರು ನಮ್ಮ ಬ್ಲಡ್ ಬ್ಯಾಂಕಿನ ಕಿಟಕಿಯಲ್ಲಿ ಹೇಳಿದ ಮಾತು. ಸೊಸೆಗೆ ಹೆರಿಗೆಯಾಗಿ ಎಚ್‌ಬಿ (ಹಿಮೋಗ್ಲೋಬಿನ್) 6ಕ್ಕೆ ಇಳಿದಿತ್ತು. ಹುಬ್ಬಳ್ಳಿಯಲ್ಲಿ ಟೆಕ್ನಿಷಿಯನ್ ಆಗಿ 14 ವರ್ಷ ತೆಗೆದಿದ್ದೇನೆ, ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಅಜ್ಜನ ಬೆನ್ನಿಗೆ ಆರು ಹುಡುಗರು ತೋಳು ಮಡಚಿ ನಿಂತಿದ್ದರು. "ನಮ್ದ ತಗೋರಿ, ಬಿಸಿಬಿಸಿ ಹಚ್ರಿ."

ಬಿಸಿಬಿಸಿ ಕೊಡಲು ಇದೇನು ಮಿರ್ಚಿ ಭಜಿಯೇ? ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಯದೆ ಹನಿ ರಕ್ತವೂ ಹೊರಬೀಳುವಂತಿಲ್ಲ.

ಆದರೂ ಅಜ್ಜನ ಅನುಮಾನ ಪೂರ್ತಿ ಸುಳ್ಳಲ್ಲ. ಅದನ್ನು ಒಪ್ಪದೆ ಗದರಿಸಿ ಕಳಿಸುವ ನಮ್ಮವರ ಚಾಳಿ ನನಗೆ ಸೇರುವುದಿಲ್ಲ. 2ರಿಂದ 6 ಡಿಗ್ರಿ ತಂಪಿನಲ್ಲೂ ಕೆಂಪು ಕಣ ಸುಮ್ಮನಿರುವುದಿಲ್ಲ. ಚೀಲದಲ್ಲಿರುವ ಸಕ್ಕರೆ ತಿಂದು ಜೀವ ಹಿಡಿಯುತ್ತದೆ, ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲದಲ್ಲೇ ಸೊರಗುತ್ತದೆ. ಹಳೆಯ ಯುನಿಟ್ಟಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು: ನಡುವೆ ತಗ್ಗಿದ್ದ ಬಿಲ್ಲೆಗಳೆಲ್ಲ ಮುಳ್ಳೆದ್ದು ದತ್ತೂರಿ ಕಾಯಿಗಳಾಗಿರುತ್ತವೆ. ಕೆಲವು ಗೋಲಿಯಂತೆ ದುಂಡಗಾಗಿರುತ್ತವೆ. ಗೋಲಿಯಾದದ್ದು ಮತ್ತೆ ಬಿಲ್ಲೆಯಾಗದು. ಪೊರೆ ಚೂರುಚೂರಾಗಿ ಉದುರುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಆಮ್ಲಜನಕ ಬಿಟ್ಟುಕೊಡಲು ನೆರವಾಗುವ 2,3-ಡಿಪಿಜಿ ಎಂಬ ರಾಸಾಯನಿಕ ಎರಡು ವಾರದಲ್ಲೇ ಬಹುತೇಕ ಖಾಲಿ. ಹೊತ್ತು ತರುವುದೇನೋ ತರುತ್ತದೆ, ಕೊಡುವಾಗ ಮಾತ್ರ ಜಿಪುಣ.

ಆ ಜಿಪುಣತನ ಹೆಚ್ಚು ದಿನದ್ದಲ್ಲ. ರೋಗಿಯ ಮೈಸೇರಿದ ಎರಡು ಮೂರು ದಿನದಲ್ಲಿ ಡಿಪಿಜಿ ಮತ್ತೆ ತುಂಬಿಕೊಳ್ಳುತ್ತದೆ, ಸೋತ ಕಣಗಳನ್ನು ಗುಲ್ಮ (ಸ್ಪ್ಲೀನ್) ಹಿಡಿದು ತೆಗೆಯುತ್ತದೆ. ಚೀಲದ ಮೇಲಿನ ಗಡುವು ಸುಮ್ಮನೆ ಬರೆದದ್ದಲ್ಲ. ರಕ್ತ ಕೆಡದಂತೆ ಕಾಯುವ ಸಿಪಿಡಿಎ ದ್ರಾವಣಕ್ಕೆ 35 ದಿನ, ಎಸ್‌ಎಜಿಎಂ ಎಂಬ ಇನ್ನೊಂದು ದ್ರಾವಣ ಸೇರಿಸಿದ್ದಕ್ಕೆ 42. ಕೊಟ್ಟ 24 ಗಂಟೆಯ ಮೇಲೂ ನೂರರಲ್ಲಿ 75 ಕಣವಾದರೂ ಓಡಾಡುತ್ತಿರಬೇಕು ಎಂಬುದು ಅಳತೆಗೋಲು. 2016ರಲ್ಲಿ ಪ್ರಕಟವಾದ ಇನ್‌ಫಾರ್ಮ್ ಅಧ್ಯಯನದಲ್ಲಿ ನಾಲ್ಕು ದೇಶಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಸರಾಸರಿ 13 ದಿನದ ರಕ್ತ ಪಡೆದವರಿಗೂ 24 ದಿನದ್ದು ಪಡೆದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಸುಗೂಸಿಗೆ ಒಮ್ಮೆಗೇ ಬಹಳ ರಕ್ತ ಬದಲಿಸುವಾಗ ಮಾತ್ರ ಆ ಪೊಟ್ಯಾಸಿಯಂ ಕಾರಣಕ್ಕೆ ನಾವೇ ಹೊಸದನ್ನು ಹುಡುಕಿ ಕೊಡುತ್ತೇವೆ.

ಅಜ್ಜನಿಗೆ ಇದನ್ನೆಲ್ಲ ದತ್ತೂರಿ ಕಾಯಿ ಸಮೇತ ಹೇಳಿದೆ. "ಆತು, ಕೊಡ್ರಿ" ಅಂದರು. ಅಷ್ಟರಲ್ಲಿ ಒಬ್ಬ ಹುಡುಗ ಕ್ಯಾರಿಬ್ಯಾಗ್ ಮುಂದೆ ಹಿಡಿದ. ಒಳಗೆ ಜ್ಯೂಸ್ ಅಂಗಡಿಯ ಐಸ್ ತುಂಡು! "ಇದ್ರಾಗ ಹಾಕ್ರಿ ಸರ, ಚಿಗರಿ ಬಸ್ಸಿನ್ಯಾಗ ಹೊಂಟೀನಿ." ಐಸ್ ನೇರ ತಾಗಿದರೆ ಕಣ ಮಂಜುಗಟ್ಟಿ ಒಡೆಯುತ್ತವೆ, ಮುಳ್ಳಿನ ಮಾತೇ ಬೇಡ. ಐಸ್ ಚೆಲ್ಲಿಸಿ, ತಂಪು ಪ್ಯಾಕ್ ಮತ್ತು ಚೀಲದ ನಡುವೆ ರಟ್ಟು ಇಟ್ಟು, ಥರ್ಮೋಕೋಲ್ ಡಬ್ಬಿಯಲ್ಲಿ ಕಳಿಸಿದೆ. ಫ್ರಿಜ್ಜಿನಿಂದ ಹೊರಬಿದ್ದ ಚೀಲ ಅರ್ಧ ಗಂಟೆಗಿಂತ ಹೆಚ್ಚು ಹಾಗೇ ಬಿದ್ದಿರಬಾರದು, ಏರಿಸಲು ಶುರು ಮಾಡಿದರೆ 4 ಗಂಟೆಯಲ್ಲಿ ಮುಗಿಯಬೇಕು ಎಂದೂ ಹೇಳಿದೆ.

ಮುಕ್ಕಾಲು ತಾಸಿಗೆ ಅಜ್ಜನ ಫೋನು. "ಬಾಟ್ಲಿ ಬಂತ್ರಿ ಸರ. ಡಬ್ಬಿಯಿಂದ ತಗದು ಟೇಬಲ್ ಮ್ಯಾಲ ಇಟ್ಟಾರ. ಡಾಕ್ಟ್ರು ಊಟಕ್ಕ ಹೋಗ್ಯಾರಂತ."

"ಎಷ್ಟೊತ್ತಾತು?"

"ಹತ್ತು ನಿಮಿಷ. ಗಡಿಯಾರ ನೋಡ್ಕೋತನ ಕುಂತೀನ್ರಿ."